ಬಿಲ್ಲಿಗಾಗಿ ಬರೆದ ಲೆಕ್ಕ

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಮುಖದ ಮೇಕಪ್ ಇನ್ನೂ ಒರೆಸಿರಲಿಲ್ಲ, ಅಷ್ಟರಲ್ಲಿ ಪಡುಬಿದ್ರಿಯಿಂದ ಫೋನು. ಆ ಕಡೆ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷ ಆಯ್ತು. ನನ್ನ ಕಾರ್ಯಕ್ರಮ ತಪ್ಪದೆ ನೋಡ್ತಾರೆ, ತಪ್ಪು ಹೇಳಿದರೆ ತಪ್ಪದೆ ಫೋನ್ ಮಾಡ್ತಾರೆ.

“ನೋಡು ಮಾರಾಯ, ಇವತ್ತು ನೀನು ನಾಲ್ಕು ಸಲ ಸಿಡಿಆರ್ ಸಿಡಿಆರ್ ಅಂತ ಹೇಳಿದೆ. ಪೊಲೀಸರು ಸಿಡಿಆರ್ ತೆಗೆಸಿದ್ದಾರೆ, ಸಿಡಿಆರ್‌ನಲ್ಲಿ ಎಲ್ಲ ಬಯಲಾಗಿದೆ ಅಂತ. ಹಾಗಂದ್ರೆ ಎಂತ? ನಾನು ಮಗಳ ಹತ್ರ ಮಾತಾಡಿದ್ದೆಲ್ಲ ಅವರು ರೆಕಾರ್ಡ್ ಮಾಡಿ ಇಟ್ಕೊಳ್ತಾರಾ?”

ಇಲ್ಲ ಮಾಸ್ಟ್ರೆ ಅಂದೆ. “ಮತ್ತೆ ಎಂತ ಇಟ್ಕೊಳ್ತಾರೆ? ಯಾಕೆ ಇಟ್ಕೊಳ್ತಾರೆ? ಅದನ್ನು ಯಾರಾದರೂ ಹೇಳಬೇಕಲ್ಲ” ಅಂದರು. ನನ್ನ ಹತ್ತಿರ ತಕ್ಷಣಕ್ಕೆ ಸರಿಯಾದ ಉತ್ತರ ಇರಲಿಲ್ಲ ಅನ್ನೋದು ನಿಜ. ದಿನಕ್ಕೆ ಹತ್ತು ಸಲ ಬಳಸುವ ಒಂದು ಪದವನ್ನು ನಾವು ಒಮ್ಮೆಯೂ ಬಿಡಿಸಿ ಹೇಳಿಲ್ಲ. ಇವತ್ತು ಹೇಳ್ತೇನೆ. ಯಾಕೆಂದರೆ ಇದು ಪೊಲೀಸರ ವಿಷಯ ಮಾತ್ರ ಅಲ್ಲ. ನಿಮ್ಮ ಜೇಬಿನ ವಿಷಯ, ನಿಮ್ಮ ಮಾನದ ವಿಷಯ.

ಸಿಡಿಆರ್ ಅಂದರೆ ಕಾಲ್ ಡೀಟೇಲ್ ರೆಕಾರ್ಡ್. ಕರೆಯ ವಿವರದ ದಾಖಲೆ. ಅದರಲ್ಲಿ ಮಾತು ಇರೋದಿಲ್ಲ. ಯಾವ ನಂಬರಿನಿಂದ, ಯಾವ ನಂಬರಿಗೆ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು. ಮೊಬೈಲ್ ಆದರೆ ಇನ್ನೂ ಮೂರು ಸಂಗತಿ ಸೇರುತ್ತವೆ. ಯಾವ ಟವರ್ ಮೂಲಕ ಕರೆ ಹೋಯಿತು, ಯಾವ ಸಿಮ್, ಯಾವ ಹ್ಯಾಂಡ್‌ಸೆಟ್. ಇಷ್ಟೇ. ಅಂಚೆಯವನಿಗೆ ಲಕೋಟೆಯ ಮೇಲಿನ ವಿಳಾಸ ಗೊತ್ತು, ಒಳಗಿನ ಕಾಗದ ಗೊತ್ತಿಲ್ಲ. ಹಾಗೆ ಅಂದುಕೊಳ್ಳಿ.

ಈ ದಾಖಲೆ ಹುಟ್ಟಿದ್ದು ಕಳ್ಳರನ್ನು ಹಿಡಿಯೋದಕ್ಕೆ ಅಲ್ಲ ಸ್ವಾಮಿ. ಹುಟ್ಟಿದ್ದು ಬಿಲ್ ಮಾಡೋದಕ್ಕೆ. ಆ ಕಥೆ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗುತ್ತೆ.

ನನ್ನ ದೊಡ್ಡಮ್ಮನ ಕಾಲದ ಟ್ರಂಕ್ ಕಾಲ್‌ನಿಂದ ಶುರು ಮಾಡೋಣ. ನಮ್ಮ ಕಡೆ ಪ್ರತಿ ಎರಡನೇ ಮನೆಯಿಂದ ಒಬ್ಬರು ಬೊಂಬಾಯಿಯಲ್ಲಿ. ಹೋಟೆಲು, ಕ್ಯಾಂಟೀನು, ಬ್ಯಾಂಕು ಅಂತ ಹೋದವರು. ಊರಲ್ಲಿ ಯಾರಿಗಾದರೂ ಸೀರಿಯಸ್ ಆದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಎಕ್ಸ್‌ಚೇಂಜಿನ ಆಪರೇಟರ್ ಒಂದು ಚೀಟಿ ತೆಗೆದುಕೊಳ್ಳುತ್ತಿದ್ದರು. ಯಾರು ಕೇಳಿದ್ದು, ಯಾವ ಊರು, ಯಾವ ನಂಬರು, ಆರ್ಡಿನರಿಯಾ, ಅರ್ಜೆಂಟಾ, ಲೈಟ್ನಿಂಗಾ, ಎಲ್ಲ ಅದರಲ್ಲಿ ಬರೆಯುತ್ತಿದ್ದರು. ಲೈನ್ ಸಿಕ್ಕ ಹೊತ್ತು, ಕಟ್ ಆದ ಹೊತ್ತು ಕೂಡ. ಮೂರು ನಿಮಿಷ ಆದ ಕೂಡಲೇ ನಡುವೆ ಬಾಯಿ ಹಾಕಿ “ತ್ರೀ ಮಿನಿಟ್ಸ್ ಓವರ್” ಅನ್ನುತ್ತಿದ್ದರು. ಆ ಚೀಟಿಯೇ ಬಿಲ್ಲಿಗೆ ಆಧಾರ. ಅಂದರೆ ಸಿಡಿಆರ್ ಆಗಲೇ ಇತ್ತು ನೋಡಿ, ಕೈಬರಹದಲ್ಲಿ. ವಿವರ ಎಲ್ಲ ಇತ್ತು. ಆದರೆ ಒಂದು ಕರೆಗೆ ಒಂದು ಮನುಷ್ಯ ಬೇಕಿತ್ತು.

ಆ ಮನುಷ್ಯನನ್ನು ತೆಗೆದುಹಾಕಿದ್ದು ಎಸ್‌ಟಿಡಿ. ನಮ್ಮ ದೇಶದಲ್ಲಿ ಮೊದಲ ಎಸ್‌ಟಿಡಿ ಸಂಪರ್ಕ ಬಂದದ್ದು 1960ರ ನವೆಂಬರ್‌ನಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಆಪರೇಟರ್ ಬೇಡ, ನೀವೇ ಡಯಲ್ ಮಾಡಿ. ಒಳ್ಳೆಯದೇ. ಆದರೆ ಚೀಟಿ ಬರೆಯುವವರು ಯಾರು? ಯಾರೂ ಇಲ್ಲ. ಅದರ ಬದಲಿಗೆ ಎಕ್ಸ್‌ಚೇಂಜಿನಲ್ಲಿ ಪ್ರತಿ ಗಿರಾಕಿಗೂ ಒಂದು ಸಣ್ಣ ಮೀಟರ್. ನಿಮ್ಮ ಮನೆಯ ಕರೆಂಟಿನ ಮೀಟರ್ ಇದ್ದ ಹಾಗೆ, ಅಂಕಿ ತಿರುಗುವ ಚಕ್ರ. ಕರೆ ಶುರುವಾದರೆ ಎಕ್ಸ್‌ಚೇಂಜಿನಿಂದ ಮಿಡಿತ ಬರುತ್ತೆ. ಅದಕ್ಕೆ ಪಲ್ಸ್ ಅಂತಾರೆ. ಒಂದು ಪಲ್ಸ್‌ಗೆ ಮೀಟರ್ ಒಂದು ಅಂಕಿ ಮುಂದೆ ಹೋಗುತ್ತೆ. ಹತ್ತಿರದ ಊರಾದರೆ ಪಲ್ಸ್ ನಿಧಾನ, ದೂರದ ಊರಾದರೆ ಪಲ್ಸ್ ಬೇಗ ಬೇಗ. ಉಡುಪಿಗೆ ಮಾತಾಡಿದರೆ ಮೀಟರ್ ನಡೆಯುತ್ತೆ, ಬೊಂಬಾಯಿಗೆ ಮಾತಾಡಿದರೆ ಓಡುತ್ತೆ. ನೂರಾರು ಮೀಟರುಗಳ ಸಾಲನ್ನು ಕ್ಯಾಮೆರಾದಿಂದ ಫೋಟೋ ತೆಗೆದು, ಹಿಂದಿನ ಅಂಕಿಯನ್ನು ಕಳೆದು, ಎರಡು ತಿಂಗಳಿಗೊಮ್ಮೆ ಬಿಲ್ ಕಳಿಸುತ್ತಿದ್ದರು.

ತೊಂದರೆ ಎಲ್ಲಿ ಅಂದರೆ, ಈ ಮೀಟರಿಗೆ ಒಟ್ಟು ಎಷ್ಟು ಅಂತ ಗೊತ್ತು. ಯಾರಿಗೆ, ಯಾವಾಗ ಅಂತ ಗೊತ್ತಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ದೊಡ್ಡಮ್ಮನ ಮನೆಯಿಂದ. ದೊಡ್ಡಪ್ಪ ತೀರಿಹೋದ ಮೇಲೆ ದೊಡ್ಡಮ್ಮ ಒಬ್ಬರೇ ಇದ್ದರು. ಮಗ ಬೊಂಬಾಯಿಯಲ್ಲಿ. ಅವನೇ ಹಟ ಹಿಡಿದು ಫೋನ್ ಹಾಕಿಸಿಕೊಟ್ಟದ್ದು. ವಾರಕ್ಕೊಮ್ಮೆ ರಾತ್ರಿ ಹನ್ನೊಂದು ಗಂಟೆ ಆಗುವವರೆಗೆ ಕಾದು ಕಾಲು ದರದಲ್ಲಿ ಮಗನಿಗೆ ಫೋನ್ ಮಾಡುತ್ತಿದ್ದರು. ಒಂದು ಸಲ ಬಿಲ್ ಬಂತು. ಪ್ರತಿ ಸಲದ ಐದಾರು ಪಟ್ಟು. ದೊಡ್ಡಮ್ಮ ಬಿಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದು ಚಾವಡಿಯಲ್ಲಿ ಕೂತುಬಿಟ್ಟರು. “ನಾನು ಇಷ್ಟು ಮಾತಾಡಿಲ್ಲ ಮಗಾ. ದೇವರಾಣೆ ಮಾತಾಡಿಲ್ಲ.”

ಅಪ್ಪ ಅವರನ್ನು ಕರೆದುಕೊಂಡು ವಿಚಾರಿಸಲು ಹೋದರು. ನಾನೂ ಹೋಗಿದ್ದೆ. ಮೀಟರ್ ಪರೀಕ್ಷೆ ಮಾಡಿದೆವು, ಸರಿ ಇದೆ ಅಂದರು. ಯಾವ ನಂಬರಿಗೆ ಹೋಗಿದೆ ಹೇಳಿ ಅಂದರೆ, ಅದು ಮೀಟರಿನಲ್ಲಿ ಇರೋದಿಲ್ಲ ಅಂದರು. ಅವರು ಸುಳ್ಳು ಹೇಳಿದ್ದಲ್ಲ. ನಿಜವಾಗಿಯೂ ಇರಲಿಲ್ಲ. ಮೀಟರ್ ತಪ್ಪಿತ್ತೋ, ಲೈನಿಗೆ ಯಾರಾದರೂ ಕಂಬದಲ್ಲಿ ಕೈ ಹಾಕಿದ್ದರೋ, ದೊಡ್ಡಮ್ಮ ಫೋನ್ ಸರಿಯಾಗಿ ಇಡದೆ ಲೈನ್ ಓಡಿತ್ತೋ, ಯಾವುದನ್ನೂ ತೋರಿಸಲು ಅವರಿಗೂ ಆಗಲಿಲ್ಲ, ಅಲ್ಲಗಳೆಯಲು ನಮಗೂ ಆಗಲಿಲ್ಲ. ದೊಡ್ಡಮ್ಮ ಕೈಯಲ್ಲಿದ್ದ ಒಂದು ಬಳೆ ಅಡವಿಟ್ಟು ಬಿಲ್ ಕಟ್ಟಿದರು. ಮರುದಿನವೇ ಎರಡು ರೂಪಾಯಿಯ ಒಂದು ನೋಟ್‌ಬುಕ್ ತಂದು, ಪೆನ್ಸಿಲಿಗೆ ದಾರ ಕಟ್ಟಿ, ಫೋನಿನ ಪಕ್ಕದಲ್ಲಿ ನೇತುಹಾಕಿದರು. ಆ ನೋಟ್‌ಬುಕ್ಕಿನ ಮಾತು ಕೊನೆಗೆ ಹೇಳ್ತೇನೆ.

ಕಾಲೇಜಿಗೆ ಹೋಗುವ ಹೊತ್ತಿಗೆ ನಾನೇ ಬಿಲ್ ಮಾಡುವವನಾದೆ. ಪಡುಬಿದ್ರಿ ಪೇಟೆಯಲ್ಲಿ, ಕಾರ್ಕಳ ರಸ್ತೆ ಹೆದ್ದಾರಿಗೆ ಸೇರುವ ಕಡೆ, ಒಂದು ಎಸ್‌ಟಿಡಿ ಬೂತ್. ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಯವರೆಗೆ ನನ್ನ ಡ್ಯೂಟಿ. ಗಾಜಿನ ಕ್ಯಾಬಿನ್, ಒಳಗೆ ಒಂದು ಫೋನು, ಮೇಲೆ ಕೆಂಪು ಅಂಕಿ ಓಡುವ ಡಬ್ಬಿ. ಗಿರಾಕಿ ಮಾತು ಮುಗಿಸಿದ ಕೂಡಲೇ ಸಣ್ಣ ಪ್ರಿಂಟರಿನಿಂದ ಬೆರಳಗಲದ ಚೀಟಿ. ನಂಬರು, ತಾರೀಕು, ಹೊತ್ತು, ನಿಮಿಷ, ರೂಪಾಯಿ. ದುಬೈಗೆ, ಮಸ್ಕತ್‌ಗೆ ಫೋನ್ ಮಾಡಲು ಬಂದವರ ಕಣ್ಣು ಮಾತಿನ ಮೇಲೆ ಇರುತ್ತಿರಲಿಲ್ಲ, ಆ ಕೆಂಪು ಅಂಕಿಯ ಮೇಲೆ. ಅಂಕಿ ಜೇಬಿನ ದುಡ್ಡಿನ ಹತ್ತಿರ ಬಂದರೆ “ಇಡ್ತೇನೆ, ಇಡ್ತೇನೆ” ಅಂತ ಇಟ್ಟುಬಿಡುತ್ತಿದ್ದರು.

ಆ ಬೂತಿನಲ್ಲಿ ನಾನು ಒಂದು ಪಾಠ ಕಲಿತೆ. ಲೆಕ್ಕ ಎರಡು ಕಡೆ ಇರಬೇಕು. ಒಂದು ನಮ್ಮ ಡಬ್ಬಿಯಲ್ಲಿ, ಇನ್ನೊಂದು ಎಕ್ಸ್‌ಚೇಂಜಿನಲ್ಲಿ. ರಾತ್ರಿ ಬಾಗಿಲು ಹಾಕುವ ಮುಂಚೆ ಚೀಟಿಗಳ ಪ್ರತಿ ಎಲ್ಲ ಕೂಡಿಸಿ ಬರೆದಿಡುತ್ತಿದ್ದೆವು. ಬಿಲ್ ಬಂದಾಗ ತಾಳೆ ನೋಡುತ್ತಿದ್ದೆವು. ನಮ್ಮ ಉಡುಪಿಯವರಿಗೆ ಇದು ಹೊಸದಲ್ಲ. 1928ರಲ್ಲೇ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿತ್ತಲ್ಲ. ಪಿಗ್ಮಿ ಕಲೆಕ್ಟರ್ ಮನೆ ಬಾಗಿಲಿಗೆ ಬಂದು ನಾಲ್ಕಾಣೆ ತೆಗೆದುಕೊಂಡರೂ ಅವನ ಹತ್ತಿರ ಒಂದು ಬರಹ, ನಿಮ್ಮ ಹತ್ತಿರ ಒಂದು ಬರಹ. ಒಂದೇ ಕಡೆ ಇರುವ ಲೆಕ್ಕ ಬರೀ ನಂಬಿಕೆ. ಎರಡೂ ಕಡೆ ಇದ್ದರೆ ಮಾತ್ರ ಅದು ಲೆಕ್ಕ.

ಇದೇ ಪಾಠ ಲಾಡ್ಜುಗಳಲ್ಲೂ ಆಸ್ಪತ್ರೆಗಳಲ್ಲೂ ಇತ್ತು. ಉಡುಪಿ, ಮಣಿಪಾಲದಂಥ ಊರು, ಹೊರಗಿನಿಂದ ಬಂದು ಉಳಿಯುವವರು ಸಾವಿರಾರು ಮಂದಿ. ಒಂದು ಲಾಡ್ಜಿಗೆ ಹೊರಗಿನ ಲೈನ್ ನಾಲ್ಕೋ ಎಂಟೋ. ರೂಮುಗಳು ಐವತ್ತು. ನಡುವೆ ಇಪಿಎಬಿಎಕ್ಸ್ ಅನ್ನುವ ಒಂದು ಪೆಟ್ಟಿಗೆ. ಹೊರಗಿನ ಬಿಲ್ ಬರೋದು ಲೈನಿನ ಹೆಸರಿಗೆ. ಆದರೆ ಗಿರಾಕಿ ಇರೋದು ರೂಮಿನಲ್ಲಿ, ನಾಳೆ ಬೆಳಗ್ಗೆ ಖಾಲಿ ಮಾಡಿ ಹೋಗುತ್ತಾನೆ. ಯಾವ ರೂಮಿನಿಂದ ಯಾವ ಕರೆ ಹೋಯಿತು ಅಂತ ಆಗಲೇ ಗೊತ್ತಾಗಬೇಕು. ಅದಕ್ಕೆ ಆ ಪೆಟ್ಟಿಗೆಯ ಹಿಂದೆ ಒಂದು ಕೇಬಲ್ ಇರುತ್ತಿತ್ತು. ಪ್ರತಿ ಕರೆ ಮುಗಿದ ಕೂಡಲೇ ಆ ಕೇಬಲ್ಲಿನಲ್ಲಿ ಒಂದು ಸಾಲು ಹೊರಗೆ ಬರುತ್ತಿತ್ತು. ರೂಮು, ತಾರೀಕು, ಹೊತ್ತು, ನಂಬರು, ಅವಧಿ. ರಿಸೆಪ್ಷನ್ನಿನ ಹಿಂದೆ ಕಿರ್ರ್ ಕಿರ್ರ್ ಅಂತ ಓಡುವ ಪ್ರಿಂಟರ್ ನೆನಪಿದೆಯಾ? ಅದೇ.

ಇಲ್ಲೂ ಎರಡು ಮೋಸದ ಗುಂಡಿಗಳಿದ್ದವು. ಒಂದು, ಪೆಟ್ಟಿಗೆ ಆ ಸಾಲನ್ನು ಒಂದೇ ಸಲ ಹೇಳುತ್ತೆ. ಪ್ರಿಂಟರಿನಲ್ಲಿ ಕಾಗದ ಮುಗಿದಿದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೆ, ಆ ಸಾಲು ಗಾಳಿಗೆ ಹೋಯಿತು. ಮಾಲೀಕನಿಗೆ ನಷ್ಟ. ಅದಕ್ಕೇ ಜಾಣರಾದವರು ನಡುವೆ ಒಂದು ಬಫರ್ ಡಬ್ಬಿ ಇಡುತ್ತಿದ್ದರು. ಕೇಳುವವರು ಯಾರೂ ಇಲ್ಲದಿದ್ದರೆ ಅದು ಸಾಲುಗಳನ್ನು ಕೂಡಿಟ್ಟುಕೊಂಡು, ಆಮೇಲೆ ಕೊಡುತ್ತಿತ್ತು. ಮನೆಯ ಮೇಲೆ ನೀರಿನ ಟ್ಯಾಂಕ್ ಇದ್ದ ಹಾಗೆ. ಟ್ಯಾಂಕ್ ತುಂಬಿದ ಮೇಲೂ ಯಾರೂ ನಲ್ಲಿ ತಿರುಗಿಸದಿದ್ದರೆ ಮಾತ್ರ ಹೊರಗೆ ಚೆಲ್ಲುತ್ತೆ.

ಎರಡನೆಯದು ಗಿರಾಕಿಗೆ ನಷ್ಟ. ಸಾದಾ ಲೈನಿನಲ್ಲಿ, ಆ ಕಡೆಯವರು ಫೋನ್ ಎತ್ತಿದರೋ ಇಲ್ಲವೋ ಅಂತ ಪೆಟ್ಟಿಗೆಗೆ ಗೊತ್ತಾಗಬೇಕಾದರೆ ಎಕ್ಸ್‌ಚೇಂಜಿನಿಂದ ಒಂದು ಸೂಚನೆ ಬರಬೇಕು. ಆ ಸೂಚನೆಯ ವ್ಯವಸ್ಥೆ ಇಲ್ಲದ ಕಡೆ ಪೆಟ್ಟಿಗೆ ಅಂದಾಜು ಮಾಡುತ್ತಿತ್ತು. ಡಯಲ್ ಮಾಡಿ ಇಷ್ಟು ಸೆಕೆಂಡು ಆಯ್ತು, ಇನ್ನು ಎತ್ತಿರಲೇಬೇಕು, ಶುರು ಮಾಡು ಲೆಕ್ಕ! ಬರೀ ರಿಂಗ್ ಆದ ಕರೆಗೂ ದುಡ್ಡು. ಆಸ್ಪತ್ರೆಯ ರೂಮಿನಲ್ಲಿ ಕೂತು, ಯಾರೂ ಎತ್ತದ ಮನೆಗೆ ಮತ್ತೆ ಮತ್ತೆ ಫೋನ್ ಮಾಡಿದವರು, ಡಿಸ್ಚಾರ್ಜ್ ಬಿಲ್ ನೋಡಿ ಜಗಳ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಇಬ್ಬರೂ ಪ್ರಾಮಾಣಿಕರೇ. ತಪ್ಪು ಅಂದಾಜಿನದ್ದು.

ಈ ಎಲ್ಲ ಜಗಳಕ್ಕೆ ಪರಿಹಾರ ಎಲ್ಲಿಂದ ಬಂತು? ಎಕ್ಸ್‌ಚೇಂಜೇ ಪ್ರತಿ ಕರೆಯನ್ನೂ ತಾನೇ ಬರೆದಿಡುವುದರಿಂದ. ಈ ಉಪಾಯ ಅಮೆರಿಕದಲ್ಲಿ ಹಳೆಯದು. 1948ರಲ್ಲೇ ಪೆನ್ಸಿಲ್ವೇನಿಯಾದ ಒಂದು ಊರಿನ ಎಕ್ಸ್‌ಚೇಂಜು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕರೆಗಳನ್ನು ದಾಖಲಿಸುತ್ತಿತ್ತು. ಆ ಊರಿನ ಹೆಸರು ಏನು ಗೊತ್ತಾ? ಮೀಡಿಯಾ! ನಾನು ಕಲ್ಪಿಸಿದ್ದಲ್ಲ, ಊರಿನ ಹೆಸರೇ ಹಾಗೆ.

ನಮ್ಮಲ್ಲಿ ಇದು ಹಳ್ಳಿಗೆ ಬರಲು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬರಬೇಕಾಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದು ತಯಾರಿಸಿದ ಹಳ್ಳಿಗಾಡಿನ ಎಕ್ಸ್‌ಚೇಂಜು, 128 ಲೈನಿನದ್ದು, 1986ರಲ್ಲಿ ಮೊದಲು ಬಂದು ಕೂತದ್ದು ಎಲ್ಲಿ? ನಮ್ಮ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಧೂಳು, ಸೆಕೆ, ಕರೆಂಟ್ ಕೈಕೊಡುವ ಊರಿನಲ್ಲಿ ಏಸಿ ಇಲ್ಲದೆ ಓಡಬೇಕು ಅಂತ ಮಾಡಿದ ಯಂತ್ರ. ಇಂಥ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಹರಡಿದ ಮೇಲೆ ತಿರುಗುವ ಮೀಟರುಗಳು ಹೋದವು, ನೆನಪಿನಲ್ಲಿ ಇಡುವ ಕಂಪ್ಯೂಟರುಗಳು ಬಂದವು. ಆಮೇಲೆಯೇ ಬಿಲ್ಲಿನ ಹಿಂದೆ ಕರೆಗಳ ಪಟ್ಟಿ ಬರಲು ದಾರಿಯಾದದ್ದು.

ಈಗ ಒಳಗೆ ಏನು ನಡೆಯುತ್ತೆ ಅಂತ ನಾಲ್ಕು ಮಾತಿನಲ್ಲಿ ಹೇಳ್ತೇನೆ. ನೀವು ಫೋನ್ ಇಟ್ಟ ಕ್ಷಣ ಎಕ್ಸ್‌ಚೇಂಜು ಒಂದು ದಾಖಲೆ ಬರೆಯುತ್ತೆ. ಕರೆ ತುಂಬ ಉದ್ದವಾದರೆ ನಡುನಡುವೆ ತುಂಡು ತುಂಡಾಗಿ ಬರೆಯುತ್ತೆ, ಯಂತ್ರ ಕೆಟ್ಟರೂ ಅಲ್ಲಿಯವರೆಗಿನದ್ದು ಉಳಿಯಲಿ ಅಂತ. ಅವೆಲ್ಲ ಕಡತಗಳಾಗಿ ಬಿಲ್ಲಿಂಗ್ ಕೇಂದ್ರಕ್ಕೆ ಹೋಗುತ್ತವೆ. ಮೊದಲು ಟೇಪಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು, ಈಗ ಲೈನಿನಲ್ಲೇ ಹೋಗುತ್ತೆ. ಅಲ್ಲಿ ಮೊದಲ ಕೆಲಸ ಸೋಸುವುದು. ಒಂದೊಂದು ಕಂಪನಿಯ ಯಂತ್ರ ಒಂದೊಂದು ಭಾಷೆಯಲ್ಲಿ ಬರೆದಿರುತ್ತೆ, ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ತುಂಡು ದಾಖಲೆಗಳನ್ನು ಜೋಡಿಸಬೇಕು. ಎರಡು ಸಲ ಬಂದದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಒಂದು ಕರೆಗೆ ನೀವು ಎರಡು ಸಲ ದುಡ್ಡು ಕೊಡ್ತೀರಿ. ಕಡತಗಳಿಗೆ ಕ್ರಮಸಂಖ್ಯೆ ಇರುತ್ತೆ. 41 ಆದ ಮೇಲೆ 43 ಬಂದರೆ 42 ಎಲ್ಲಿ ಅಂತ ಹುಡುಕಬೇಕು. ಇಷ್ಟಾದ ಮೇಲೆ ದರ ಹಾಕುವುದು, ಕೊನೆಗೆ ಬಿಲ್. ಪ್ರಿಪೇಯ್ಡ್ ಆದರೆ ದುಡ್ಡು ಆಗಿಂದಾಗಲೇ ಕಳೆಯುತ್ತೆ. ದಾಖಲೆ ಮಾತ್ರ ಅದಕ್ಕೂ ಇರುತ್ತೆ.

ಮೊಬೈಲ್ ಬಂದ ಮೇಲೆ ಈ ದಾಖಲೆಗೆ ಹೊಸ ತೂಕ ಬಂತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ. ಆಮೇಲೆ 2003ರವರೆಗೆ ಬಂದ ಕರೆಗೂ ನಾವು ದುಡ್ಡು ಕೊಟ್ಟವರು, ನೆನಪಿಡಿ. ಆಗ ನಿಮಿಷಕ್ಕೆ ದರ. 2009ರಲ್ಲಿ ಸೆಕೆಂಡಿಗೊಂದು ಪೈಸೆ ಅಂತ ಟಾಟಾ ಡೊಕೊಮೊ ಶುರು ಮಾಡಿದ ಮೇಲೆ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಕರೆ ಉಚಿತ! ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಇವತ್ತು ನೀವು ತಿಂಗಳಿಗೋ ಮೂರು ತಿಂಗಳಿಗೋ ರೀಚಾರ್ಜ್ ಮಾಡಿದರೆ ಮುಗಿಯಿತು. ಯಾರೂ ಕೆಂಪು ಅಂಕಿ ನೋಡೋದಿಲ್ಲ.

ಈಗ ನೀವೇ ಹೇಳಿ. ಬಿಲ್ಲಿಗಾಗಿ ಹುಟ್ಟಿದ ದಾಖಲೆ. ಕರೆಗೆ ಬಿಲ್ಲೇ ಇಲ್ಲ. ದಾಖಲೆಯೂ ಹೋಗಬೇಕಿತ್ತಲ್ಲವಾ? ಹೋಗಲಿಲ್ಲ. ಗಟ್ಟಿಯಾಯಿತು. ಮೊದಲು ಕಂಪನಿಗಳು ಇದನ್ನು ಕನಿಷ್ಠ ಒಂದು ವರ್ಷ ಇಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸಿನ ಷರತ್ತು ಬದಲಾಯಿಸಿ ಅದನ್ನು ಕನಿಷ್ಠ ಎರಡು ವರ್ಷ ಮಾಡಿತು. ಲೆಕ್ಕದ ಪುಸ್ತಕ ಸಾಕ್ಷಿಯ ಪುಸ್ತಕ ಆಯಿತು.

ಸಾಕ್ಷಿ ಅಂದರೆ ಎಂಥ ಸಾಕ್ಷಿ ಅನ್ನೋದಕ್ಕೆ ನಮ್ಮ ಕರಾವಳಿಯೇ ಉದಾಹರಣೆ. 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದರು. ಊರವರು ಬೀದಿಗಿಳಿದರು. ಪೊಲೀಸರು ಆಕೆಯ ಫೋನಿನ ಕರೆ ವಿವರ ತೆಗೆದರು. ಅದರಲ್ಲಿ ಸಿಕ್ಕ ನಂಬರಿನ ಬೆನ್ನು ಹತ್ತಿದರೆ, ಅದೂ ಕಾಣೆಯಾದ ಇನ್ನೊಬ್ಬ ಯುವತಿಯದ್ದು. ಹೀಗೆ ಒಂದರಿಂದ ಒಂದಕ್ಕೆ ಕೊಂಡಿ ಕೂಡುತ್ತಾ ಹೋಗಿ, ಆ ವರ್ಷದ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್. ಮುಂದೆ ಸಯನೈಡ್ ಮೋಹನ್ ಅಂತ ದೇಶಕ್ಕೆಲ್ಲ ಗೊತ್ತಾದವನು. ಕಾಣೆಯಾದ ಹೆಣ್ಣುಮಕ್ಕಳ ಪರವಾಗಿ ಮಾತಾಡಲು ಯಾರೂ ಉಳಿದಿರಲಿಲ್ಲ. ಬಿಲ್ಲಿಗಾಗಿ ಬರೆದಿಟ್ಟ ಸಾಲುಗಳು ಮಾತಾಡಿದವು. ಅದನ್ನು ನಾನು ಮರೆಯೋದಿಲ್ಲ.

ಆದರೆ ಇದೇ ದಾಖಲೆಯನ್ನು ತಪ್ಪಾಗಿ ಓದಿದರೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು. ಇದು ನನ್ನದೇ ತಪ್ಪು. ಆಗ ನಾನು ಬೇರೊಂದು ವಾಹಿನಿಯಲ್ಲಿದ್ದೆ. ಒಂದು ಕೊಲೆ ಪ್ರಕರಣ. ಆರೋಪಿ ಆಟೋ ಚಾಲಕ. ನಮ್ಮ ವರದಿಗಾರನಿಗೆ ಎಲ್ಲಿಂದಲೋ ಅವನ ಕರೆ ಪಟ್ಟಿ ಸಿಕ್ಕಿತು. ಒಬ್ಬ ಮಹಿಳೆಯ ನಂಬರಿಗೆ ಎರಡು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಕರೆ. ನಾನು ಪರದೆಯ ಮೇಲೆ ಕೂತು ಕೇಳಿದೆ, “ಯಾರು ಈ ನಿಗೂಢ ಮಹಿಳೆ? ಎಂಬತ್ತು ಸಲ ಮಾತಾಡುವಂಥದ್ದು ಏನಿತ್ತು?” ಹೆಸರು ಹೇಳಲಿಲ್ಲ. ಆದರೆ ನಂಬರಿನ ಕೊನೆಯ ನಾಲ್ಕು ಅಂಕಿ ಮಸುಕು ಮಾಡಿದ್ದು ಸರಿಯಾಗಿರಲಿಲ್ಲ. ಊರಿನವರಿಗೆ ಅಷ್ಟು ಸಾಕಾಯಿತು.

ಮೂರು ದಿನ ಬಿಟ್ಟು ಆಕೆಯ ತಮ್ಮ ಆಫೀಸಿಗೆ ಬಂದ. ಕೂಗಾಡಲಿಲ್ಲ. ಪಟ್ಟಿ ಕೊಡಿ ಅಂದ. ಕೊಟ್ಟೆವು. ಬೆರಳಿಟ್ಟು ತೋರಿಸಿದ. ಎಲ್ಲ ಕರೆಯೂ ಮಧ್ಯಾಹ್ನ ಮೂರೂವರೆಯ ಆಸುಪಾಸು. ಭಾನುವಾರ ಒಂದೂ ಇಲ್ಲ. ಒಂದು ಕರೆ ಎಂಟು ಸೆಕೆಂಡು, ಇನ್ನೊಂದು ಹನ್ನೊಂದು ಸೆಕೆಂಡು. “ನನ್ನ ಅಕ್ಕನ ಮಗು ಅವನ ಆಟೋದಲ್ಲಿ ಶಾಲೆಯಿಂದ ಬರ್ತದೆ ಸಾರ್. ಮನೆಗೆ ಗೇಟಿನ ತನಕ ಆಟೋ ಬರೋದಿಲ್ಲ. ರಸ್ತೆಗೆ ಬನ್ನಿ ಅಂತ ಅವನು ಫೋನ್ ಮಾಡ್ತಿದ್ದ. ಅಷ್ಟೇ.” ಆ ಪಟ್ಟಿಯಲ್ಲೇ ಎಲ್ಲ ಇತ್ತು. ನಾನು ಒಟ್ಟು ಮೊತ್ತ ಓದಿದ್ದೆ, ಸಾಲುಗಳನ್ನು ಓದಿರಲಿಲ್ಲ. ದೊಡ್ಡಮ್ಮನ ಮೀಟರ್ ಮಾಡಿದ್ದೂ ಇದನ್ನೇ ಅಲ್ಲವಾ? ಒಟ್ಟು ಹೇಳಿ, ವಿವರ ನುಂಗಿ, ಒಬ್ಬ ಹೆಂಗಸನ್ನು ಕಟಕಟೆಗೆ ತಂದದ್ದು. ಮೀಟರಿಗಾದರೆ ವಿವರ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ವಿವರ ಇತ್ತು. ಕ್ಷಮೆ ಕೇಳಿದೆ, ಪರದೆಯ ಮೇಲೂ ಕೇಳಿದೆ. ಆಕೆ ಆ ಬಾಡಿಗೆ ಮನೆ ಬಿಟ್ಟು ಹೋಗಿ ಆಗಿತ್ತು.

ಅವತ್ತಿನಿಂದ ನಾನು ಮೂರು ಮಾತು ನೆನಪಿಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ. ಒಂದು, ದಾಖಲೆಯಲ್ಲಿ ಇರೋದು ಸಿಮ್, ಮನುಷ್ಯ ಅಲ್ಲ. ಸಿಮ್ ಅಪ್ಪನ ಹೆಸರಲ್ಲಿ ಇರಬಹುದು, ಫೋನ್ ಮಗನ ಕೈಯಲ್ಲಿ ಇರಬಹುದು. ಎರಡು, ಟವರ್ ಅಂದರೆ ಜಾಗ ಅಲ್ಲ. ಪೇಟೆಯಲ್ಲಿ ಟವರಿನ ವ್ಯಾಪ್ತಿ ನೂರಾರು ಮೀಟರ್, ಹಳ್ಳಿಯಲ್ಲಿ ಕಿಲೋಮೀಟರುಗಟ್ಟಲೆ. ಹೆಜಮಾಡಿಯ ಕಡಲತಡಿಯಲ್ಲಿ ನಿಂತವನ ಫೋನು ಶಾಂಭವಿ ನದಿಯಾಚೆಯ ಮೂಲ್ಕಿಯ ಟವರ್ ಹಿಡಿಯಬಹುದು. ಹಾಗಂತ ಅವನು ಹೊಳೆ ದಾಟಿದ ಅಂತ ಹೇಳಲಾಗದು. ಮೂರು, ಕರೆಯ ಸಂಖ್ಯೆ ಸಂಬಂಧವನ್ನು ಹೇಳೋದಿಲ್ಲ. ಇನ್ನು ವಾಟ್ಸ್‌ಆ್ಯಪ್ ಕರೆ ಈ ಪಟ್ಟಿಯಲ್ಲಿ ಬರೋದೇ ಇಲ್ಲ. ಟೆಲಿಕಾಂ ಕಂಪನಿಗೆ ಅದು ಬರೀ ಇಂಟರ್ನೆಟ್ ಬಳಕೆ.

ಕೋರ್ಟಿಗೂ ಇದು ಗೊತ್ತು. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದುಕೊಟ್ಟರೆ ಸಾಕಾಗೋದಿಲ್ಲ. ಈ ದಾಖಲೆ ಯಾವ ಯಂತ್ರದಿಂದ, ಹೇಗೆ ಬಂತು ಅಂತ ಜವಾಬ್ದಾರಿಯುತರು ಪ್ರಮಾಣಪತ್ರ ಕೊಡಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ತನಿಖೆಯಲ್ಲಿ ವಶಕ್ಕೆ ಪಡೆದ ಕರೆ ದಾಖಲೆಗಳಿಗೆ ಸಂಬಂಧಿಸಿದ್ದನ್ನು ಕಂಪನಿಗಳು ಬೇರೆಯಾಗಿ, ಸುರಕ್ಷಿತವಾಗಿ ಕಾಪಾಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾಕೆ? ವಿಚಾರಣೆ ಮುಗಿಯುವ ಮೊದಲೇ ದಾಖಲೆ ಅಳಿಸಿಹೋದರೆ ಅದು ಆರೋಪಿಗೂ ಅನ್ಯಾಯ, ನೊಂದವರಿಗೂ ಅನ್ಯಾಯ.

ಇನ್ನು ಮಾಸ್ಟ್ರ ಮೊದಲ ಭಯ, ಮಾತು ಕೇಳಿಸಿಕೊಳ್ಳುವುದು. ಅದು ಫೋನ್ ಕದ್ದಾಲಿಕೆ, ಬೇರೆಯೇ ವಿಷಯ. ಕರ್ನಾಟಕಕ್ಕೆ ಅದರ ಪಾಠ ಹೇಳಬೇಕಾಗಿಲ್ಲ. ಆ ಆರೋಪದಲ್ಲೇ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಕಟ್ಟುನಿಟ್ಟು ಹಾಕಿತು. ಕರೆ ದಾಖಲೆಗೆ ಅಂಥ ಎಚ್ಚರಿಕೆ ಬಂದದ್ದು ತಡವಾಗಿ. ದೆಹಲಿಯಲ್ಲಿ ಒಬ್ಬ ಹಿರಿಯ ರಾಜಕಾರಣಿಯ ಕರೆ ವಿವರವನ್ನೇ ಅಕ್ರಮವಾಗಿ ತೆಗೆದದ್ದು ಬಯಲಾದ ಮೇಲೆ, 2013ರಲ್ಲಿ, ಎಸ್‌ಪಿ ದರ್ಜೆಯ ಅಧಿಕಾರಿಯ ಮಟ್ಟದಿಂದಲೇ ಕೇಳಬೇಕು ಅನ್ನುವ ಬಿಗಿ ಬಂತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ತೀರ್ಪು ಬಂತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಾತು ಇಲ್ಲದಿದ್ದರೇನು? ನೀವು ರಾತ್ರಿ ಎರಡಕ್ಕೆ ಯಾವ ಡಾಕ್ಟರಿಗೆ, ಯಾವ ವಕೀಲರಿಗೆ, ಯಾವ ಸ್ನೇಹಿತನಿಗೆ ಫೋನ್ ಮಾಡಿದಿರಿ ಅನ್ನೋ ಪಟ್ಟಿಯೇ ನಿಮ್ಮ ಅರ್ಧ ಬದುಕು. ಗಂಡ ಹೆಂಡತಿಯದ್ದನ್ನು, ಮಾಲೀಕ ಕೆಲಸದವನದ್ದನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ವಸ್ತು ಅದಲ್ಲ. ಯಾರಾದರೂ ತರಿಸಿಕೊಡ್ತೇನೆ ಅಂದರೆ ಅದು ಅಪರಾಧ.

ನಿಮ್ಮದೇ ಲೆಕ್ಕ ನಿಮಗೆ ಬೇಕಾದರೆ? ಅದಕ್ಕೆ ದಾರಿ ಇದೆ. ಪ್ರಿಪೇಯ್ಡ್ ಗಿರಾಕಿಯೂ ಹಿಂದಿನ ಆರು ತಿಂಗಳ ಬಳಕೆಯ ವಿವರ ಕೇಳಬಹುದು, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ದುಡ್ಡು ತಪ್ಪಾಗಿ ಕಡಿತ ಆಗಿದ್ದರೆ ಮೊದಲು ಕಂಪನಿಯ ದೂರು ಕೇಂದ್ರ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಅವರದೇ ಮೇಲ್ಮನವಿ ಪ್ರಾಧಿಕಾರ. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋ ಹಾಗಿಲ್ಲ ಅನ್ನುವ ಮಾತು 2009ರ ಒಂದು ತೀರ್ಪಿನಿಂದ ಬಂದಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೋಗಬಹುದು ಅಂದಿದೆ. ಇನ್ನೊಂದು ಕೆಲಸ ಇವತ್ತೇ ಮಾಡಿ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ನಿಮ್ಮದಲ್ಲದ ಸಿಮ್ ನಿಮ್ಮ ಹೆಸರಲ್ಲಿ ಇದ್ದರೆ, ನಾಳೆ ಅದರ ಕರೆಗಳಿಗೆ ನೀವು ಉತ್ತರ ಹೇಳಬೇಕಾಗುತ್ತೆ.

ಇಷ್ಟನ್ನೂ ಮಾಸ್ಟ್ರಿಗೆ ಮರುದಿನ ಫೋನಿನಲ್ಲಿ ಹೇಳಿದೆ. ತಾಳ್ಮೆಯಿಂದ ಕೇಳಿದರು. “ಇದನ್ನೇ ಟಿವಿಯಲ್ಲಿ ಹೇಳು. ಮತ್ತೆ ಆ ಆಟೋದ ಕಥೆ ಬಿಡಬೇಡ” ಅಂದರು. ಬಿಟ್ಟಿಲ್ಲ ಮಾಸ್ಟ್ರೆ.

ದೊಡ್ಡಮ್ಮನ ನೋಟ್‌ಬುಕ್ ಬಾಕಿ ಇದೆ. ಅವರು ತೀರಿಹೋದ ಮೇಲೆ ಅದು ನಮ್ಮ ಮನೆಗೆ ಬಂತು. ತಾರೀಕು, ಹೊತ್ತು, ಯಾರಿಗೆ, ಎಷ್ಟು ನಿಮಿಷ, ನಾಲ್ಕು ಕಾಲಂ. ಗೆರೆ ಸ್ಕೇಲಿನಲ್ಲಿ ಹಾಕಿದ್ದು. ವಾರಕ್ಕೊಂದು ಸಾಲು, ರಾತ್ರಿ ಹನ್ನೊಂದು ದಾಟಿದ ಮೇಲೆ, ಬೊಂಬಾಯಿ. ಕೆಲವು ಕಡೆ ನಿಮಿಷದ ಕಾಲಂನಲ್ಲಿ ಸೊನ್ನೆ ಬರೆದು ಪಕ್ಕದಲ್ಲಿ “ಎತ್ತಲಿಲ್ಲ” ಅಂತ ಬರೆದಿದ್ದಾರೆ. ಆ ನೋಟ್‌ಬುಕ್ ಇಟ್ಟ ಮೇಲೆ ಅವರಿಗೆ ಮತ್ತೆ ಅಂಥ ಬಿಲ್ ಬರಲಿಲ್ಲ. ಬಂದಿದ್ದರೆ ತೋರಿಸಲು ಅವರ ಹತ್ತಿರವೂ ಒಂದು ಬರಹ ಇತ್ತು.